ಸೀಸದ ಕೋಣೆಯ ಹಸಿರು ಹರಳು

ನಾನು ಒಂದು ಹರಳು. ಉಂಗುರಕ್ಕೆ ಕೂರಿಸುವ ಜಾತಿಯದಲ್ಲ. ಹೆಬ್ಬೆರಳ ಉಗುರಿನಷ್ಟು ಅಗಲ, ಹಪ್ಪಳಕ್ಕಿಂತ ತೆಳು. ಬಿಸಿಲಿಗೆ ಹಿಡಿದರೆ ತಿಳಿ ಹಸಿರು ಗಾಜಿನ ಚೂರಿನಂತೆ ಕಾಣುತ್ತೇನೆ. ದಾರಿಯಲ್ಲಿ ಬಿದ್ದಿದ್ದರೆ ನೀವು ಬಗ್ಗಿ ಎತ್ತಿಕೊಳ್ಳುತ್ತಿರಲಿಲ್ಲ.

ನಾನು ಹುಟ್ಟಿದ್ದು ದೂರದ ಚಳಿ ದೇಶವೊಂದರ ಕುಲುಮೆಯಲ್ಲಿ. ಕೆಲವು ಬಿಳಿ ಪುಡಿಗಳನ್ನು ಕರಗಿಸಿ, ಆ ಕಾದ ರಸಕ್ಕೆ ಒಂದು ಪುಟ್ಟ ಹರಳನ್ನು ಬೀಜದಂತೆ ಮುಟ್ಟಿಸಿ, ಮೆಲ್ಲನೆ ತಿರುಗಿಸುತ್ತಾ ಮೇಲಕ್ಕೆ ಎಳೆದರು. ಎಷ್ಟು ಮೆಲ್ಲನೆ ಎಂದರೆ, ಎದುರಿಗೆ ನಿಂತು ನೋಡುವವರಿಗೂ ಅಲುಗಿದ್ದು ತಿಳಿಯುತ್ತಿರಲಿಲ್ಲ. ಹಾಗೆ ಮೂಲಂಗಿಯಂತೆ ಒಂದು ದಿಂಡು ಬೆಳೆಯಿತು. ಆಗ ‘ನಾನು’ ಎಂಬುದೇ ಇರಲಿಲ್ಲ. ಇಡೀ ದಿಂಡು ಒಂದೇ ಮೈ. ಆಮೇಲೆ ವಜ್ರದ ಪುಡಿ ಹಚ್ಚಿದ ಗರಗಸ ಬಂತು. ನಮ್ಮನ್ನು ಬಾಳೆಕಾಯಿ ಚಿಪ್ಸಿನ ಹಾಗೆ ಬಿಲ್ಲೆ ಬಿಲ್ಲೆಯಾಗಿ ಸೀಳಿ, ಉಜ್ಜಿ, ನುಣುಪು ಮಾಡಿ, ಒಂದೊಂದನ್ನೂ ಒಂದೊಂದು ಡಬ್ಬಿಯಲ್ಲಿಟ್ಟರು. ನನಗೆ ಅಂಟಿಕೊಂಡೇ ಬೆಳೆದ ಎರಡು ಬಿಲ್ಲೆಗಳು ಯಾವ ದೇಶಕ್ಕೆ ಹೋದವೋ ಗೊತ್ತಿಲ್ಲ. ಒಂಟಿತನ ಎಂದರೆ ಏನೆಂದು ನನಗೆ ಮೊದಲು ತಿಳಿದದ್ದು ಆ ಡಬ್ಬಿಯಲ್ಲಿ.

ನನಗೆ ಒಂದೇ ಒಂದು ವಿದ್ಯೆ ಗೊತ್ತು. ಕ್ಷ-ಕಿರಣ ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ. ಅದು ನನ್ನ ಮೈಮೇಲೆ ಬಿದ್ದರೆ, ಬಿದ್ದಷ್ಟು ಜಾಗದಲ್ಲಿ ನಾನು ಹಸಿರಾಗಿ ಬೆಳಗುತ್ತೇನೆ. ಬೀಳುವುದು ನಿಂತರೆ ಆ ಕ್ಷಣವೇ ಆರುತ್ತೇನೆ. ಆ ಕಿರಣಕ್ಕೆ ಅಡ್ಡವಾಗಿ ಏನಾದರೂ ಇದ್ದರೆ ಅದರ ನೆರಳು ನನ್ನ ಮೇಲೆ ಮೂಡುತ್ತದೆ. ಬೆಳಗುವುದಕ್ಕಿಂತ ಆರುವುದರಲ್ಲೇ ನನ್ನ ಹೆಚ್ಚುಗಾರಿಕೆ. ಮಾಮೂಲಿ ಪರದೆಗಳು ಬೆಳಕನ್ನು ಬಿಡಲಾರದೆ ಹಿಡಿದುಕೊಂಡಿರುತ್ತವೆ. ಆಗ ಒಂದು ಚಿತ್ರ ಇನ್ನೊಂದರೊಳಗೆ ಕಲಸಿಹೋಗುತ್ತದೆ. ಸಾಸಿವೆ ಗಾತ್ರದ ವಸ್ತು ರೆಪ್ಪೆ ಬಡಿಯುವುದರೊಳಗೆ ಸಾವಿರ ಬಾರಿ ರೂಪ ಬದಲಿಸಿದರೆ, ಆ ಸಾವಿರವನ್ನೂ ಬೇರೆ ಬೇರೆಯಾಗಿ ತೋರಿಸಬಲ್ಲದ್ದು ನನ್ನಂಥ ಹರಳು.

ಚಿತ್ರದುರ್ಗದ ಆಚೆ, ಗಾಳಿ ಬಿಟ್ಟರೆ ಬೇರೇನೂ ಇಲ್ಲದ ಬಯಲಿನಲ್ಲಿ ಬಳೆಯ ಹಾಗೆ ದುಂಡಗಿನ ದೊಡ್ಡ ಕಟ್ಟಡವೊಂದಿತ್ತು. ಅದರ ಕೊಳವೆಯಲ್ಲಿ ಎಲೆಕ್ಟ್ರಾನುಗಳನ್ನು ಸುತ್ತು ಹೊಡೆಸಿ, ಅವು ತಿರುವಿನಲ್ಲಿ ಚೆಲ್ಲುವ ಕ್ಷ-ಕಿರಣವನ್ನು ಸುತ್ತಲಿನ ಕೋಣೆಗಳಿಗೆ ಹರಿಸುತ್ತಿದ್ದರು. ಅಂಥ ಒಂದು ಕೋಣೆಗೆ ನನ್ನನ್ನು ತಂದರು. ಗೋಡೆ, ಬಾಗಿಲು, ಸೂರು ಎಲ್ಲಕ್ಕೂ ಸೀಸದ ತಗಡು ಹೊದಿಸಿದ್ದರು. ಕಿಟಕಿ ಇರಲಿಲ್ಲ. ಅಲ್ಲಿ ಕಳೆದ ವರ್ಷಗಳಲ್ಲಿ ನಾನು ಮಳೆ ನೋಡಲಿಲ್ಲ, ಸೂರ್ಯನನ್ನೂ ನೋಡಲಿಲ್ಲ.

ನನ್ನನ್ನು ಡಬ್ಬಿಯಿಂದ ತೆಗೆದವನು ಬಾಬಾಜಾನ ನದಾಫ. ಗದಗ ಕಡೆಯವನು, ಆ ಕೋಣೆಯ ತಂತ್ರಜ್ಞ. ಎಲ್ಲರೂ ಅವನನ್ನು ಬಾಬಣ್ಣ ಎನ್ನುತ್ತಿದ್ದರು. ಉಸಿರು ಬಿಗಿಹಿಡಿದು, ಚಿಮಟದಲ್ಲಿ ನನ್ನನ್ನು ಎತ್ತಿ ಒಂದು ಕಪ್ಪು ಚೌಕಟ್ಟಿನಲ್ಲಿ ಕೂರಿಸಿದ. ನನ್ನ ಹಿಂದೆ ಓರೆಯಾಗಿ ಒಂದು ಕನ್ನಡಿ, ಅದರ ಮಗ್ಗುಲಿಗೆ ವೇಗದ ಕ್ಯಾಮೆರಾ. ಮುಂದೆ ಕಪ್ಪು ಹಾಳೆಯ ಮುಚ್ಚಳ, ಅದರ ಅಂಚಿನ ಸಂದಿಯಲ್ಲಿ ನನಗೆ ಕೋಣೆ ಕಾಣುತ್ತಿತ್ತು. ನನ್ನ ಬೆಳಕು ಕನ್ನಡಿಗೆ ಬಡಿದು ಕ್ಯಾಮೆರಾಕ್ಕೆ ಹೋಗುತ್ತಿತ್ತು, ಅಲ್ಲಿಂದ ತಂತಿಯಲ್ಲಿ ಹೊರಗಿನ ಕೋಣೆಯ ಪರದೆಗೆ. ಆ ಪರದೆಯನ್ನು ನಾನು ಒಮ್ಮೆಯೂ ನೋಡಿಲ್ಲ.

ಕಿರಣ ಬಿಡುವಾಗ ಯಾವ ಜೀವಿಯೂ ಆ ಕೋಣೆಯಲ್ಲಿ ಇರಕೂಡದು. ಅದು ಅಲ್ಲಿಯ ಮೊದಲ ನಿಯಮ. ಪ್ರತಿ ಸಲವೂ ಬಾಬಣ್ಣ ಮೂಲೆ ಮೂಲೆ ಇಣುಕಿ, ಮೇಜಿನ ಅಡಿಗೂ ಬಗ್ಗಿ ನೋಡಿ, ದೊಡ್ಡ ದನಿಯಲ್ಲಿ ಕೂಗುತ್ತಿದ್ದ:

“ಒಳಗ ಯಾರರೆ ಅದೀರೇನು?”

ಯಾರೂ ಉತ್ತರ ಕೊಡುತ್ತಿರಲಿಲ್ಲ. ನಾನಿದ್ದೆ, ಆದರೆ ನನಗೆ ಬಾಯಿಲ್ಲ. ಗಂಟೆ ಬಾರಿಸುತ್ತಿತ್ತು, ಸೀಸದ ಬಾಗಿಲು ಮುಚ್ಚುತ್ತಿತ್ತು. ಆಮೇಲೆ ಕಿರಣ ಬರುತ್ತಿತ್ತು. ಜನ ಇರುವಾಗ ನಾನು ಕತ್ತಲೆ. ನಾನು ಬೆಳಗುವಾಗ ಜನವಿಲ್ಲ. ನನ್ನ ಬದುಕೆಲ್ಲ ಹೀಗೇ ನಡೆಯಿತು.

ಮೊದಲ ಕೆಲವು ವರ್ಷ ನಾನು ವಿಠ್ಠಲ ಶೆಣೈ ಎಂಬ ವಿಜ್ಞಾನಿಯ ಕೆಲಸದಲ್ಲಿದ್ದೆ. ಅವರು ಡೀಸೆಲ್ ಎಂಜಿನ್ನಿನ ಮೂತಿಯಿಂದ ಎಣ್ಣೆ ಹೇಗೆ ಚಿಮ್ಮುತ್ತದೆ ಎಂದು ನೋಡುತ್ತಿದ್ದರು. ಶಿಸ್ತಿನ ಮನುಷ್ಯ, ಮಾತು ಕಡಿಮೆ. ಎಣ್ಣೆಯ ತುಂತುರಿನ ನೆರಳು ನನ್ನ ಮೇಲೆ ಸಾವಿರ ಸಾವಿರ ಬಾರಿ ಬಿತ್ತು. ಅವರು ನಿವೃತ್ತರಾದ ದಿನ ಕ್ಯಾಮೆರಾದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು, ಬಾಬಣ್ಣನ ಕೈ ಕುಲುಕಿದರು, ಹೋದರು. ಮುಚ್ಚಳದ ಹಿಂದೆ ನಾನಿದ್ದೇನೆ ಎಂಬುದು ಅವರಿಗೆ ನೆನಪಾದಂತೆ ಕಾಣಲಿಲ್ಲ.

ಆಮೇಲೆ ಇಂದುಮತಿ ಹಂಚಿನಾಳ ಬಂದಳು.

ಬೆಳಗಾವಿಯವಳು, ನಡುವಯಸ್ಸು, ಬೇಗ ಬೇಗ ನಡೆಯುವ ಹೆಂಗಸು. ಬಂದ ದಿನವೇ ಮುಚ್ಚಳ ತೆಗೆಸಿ ನನ್ನನ್ನು ನೋಡಿ, “ಇಷ್ಟ ಸಣ್ಣದೇನ್ ಬಾಬಣ್ಣ? ನಾ ದೊಡ್ಡದಿರ್ತೈತಿ ಅಂದಕೊಂಡಿದ್ದೆ” ಅಂದಳು. ನನ್ನ ಕುರಿತು ಮನುಷ್ಯರೊಬ್ಬರು ಆಡಿದ ಮೊದಲ ಮಾತು ಅದು.

ಅವಳು ತಂದ ಸಾಮಾನು ವಿಚಿತ್ರವಾಗಿತ್ತು. ಮೇಲೆ ಅಂಗೈಯಗಲದ ಒಂದು ಕುಲುಮೆ. ಅದರಲ್ಲಿ ಅಲ್ಯೂಮಿನಿಯಂ ಕರಗುತ್ತಿತ್ತು. ಕೆಳಗೆ ತೆಳು ಗೋಡೆಯ ಒಂದು ಬಟ್ಟಲು, ಅದರಲ್ಲಿ ನೀರು, ನೀರಿನ ತಳದಲ್ಲಿ ಒಂದು ತಗಡು. ಜೋಳದ ಕಾಳಿನಷ್ಟು ಕರಗಿದ ಲೋಹ ಮೇಲಿನಿಂದ ತೊಟ್ಟಿಕ್ಕಿ ನೀರಿಗೆ ಬೀಳುತ್ತಿತ್ತು. ನೀರಿನಲ್ಲಿ ಬಿದ್ದ ಕಾದ ಲೋಹದ ಸುತ್ತ ಆವಿಯ ಪೊರೆಯೊಂದು ಏಳುತ್ತದೆ. ಬರಿಗಣ್ಣಿಗೆ ಅಲ್ಲಿ ಬಿಳಿ ಗುಳ್ಳೆ ಬಿಟ್ಟು ಬೇರೇನೂ ಕಾಣದು. ಕ್ಷ-ಕಿರಣ ಆ ಪೊರೆಯನ್ನು ದಾಟಿ ಒಳಗಿನ ಲೋಹದ ನೆರಳನ್ನು ನನ್ನ ಮೇಲೆ ಹಾಕುತ್ತಿತ್ತು.

“ಮೇಡಮ್ಮಾರ, ಒಂದ ಹನಿ ನೀರಾಗ ಬೀಳೂದು ನೋಡಾಕ ಇಷ್ಟ ಖರ್ಚ ಮಾಡ್ತಾರೇನ್ರೀ?” ಎಂದು ಬಾಬಣ್ಣ ಒಂದು ದಿನ ಕೇಳಿದ. ತಮಾಷೆಗೆ ಕೇಳಿದ್ದು.

ಇಂದುಮತಿ ಸ್ಪ್ಯಾನರು ಕೆಳಗಿಟ್ಟಳು. ಅಣ್ಣನ ವಿಷಯ ಅವಳು ಹೇಳಿದ್ದು ಆಗಲೇ.

ಅವಳ ಅಣ್ಣ ಬಸಲಿಂಗ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಅಲ್ಯೂಮಿನಿಯಂ ಸುರಿಯುವ ಕೆಲಸಕ್ಕಿದ್ದ. ಅಪ್ಪ ತೀರಿಕೊಂಡ ಮೇಲೆ ತಂಗಿಯನ್ನು ಓದಿಸಿದವನು ಅವನೇ. ಜೊತೆಗಾರ ಯಮನಪ್ಪ. ಸುರಿಯುವ ಜಾಗದ ಕೆಳಗೆ ಒಂದು ಗುಂಡಿ, ಗುಂಡಿಯಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತಿತ್ತು. ಲೋಹ ತುಳುಕಿ ಅದರೊಳಗೆ ಬೀಳುವುದು ಹೊಸದೇನಲ್ಲ. ಚೊಂಯ್ ಎಂದು ಸದ್ದಾಗಿ, ಗಟ್ಟಿಯಾಗಿ, ಸುಮ್ಮನಾಗುತ್ತಿತ್ತು. ಒಂದು ದಿನ ಬಸಲಿಂಗನ ಕೈಯಿಂದ ಲೋಹ ತುಳುಕಿದಾಗ ಮಾತ್ರ ಹಾಗಾಗಲಿಲ್ಲ. ಗುಂಡಿ ಬಾಂಬಿನ ಹಾಗೆ ಸಿಡಿಯಿತು, ಸೂರಿನ ತಗಡು ಹಾರಿತು. ಗುಂಡಿಯ ಅಂಚಿನಲ್ಲಿದ್ದ ಯಮನಪ್ಪ ಅಲ್ಲೇ ಹೋದ. ಬಸಲಿಂಗನ ಬಲಗೈ ಸುಟ್ಟಿತು, ಒಂದು ಕಣ್ಣು ಮಂಜಾಯಿತು.

“ಗಡಬಡಿ ಮಾಡಿ ಸುರದಾನ, ಅದಕ್ಕ ಆತು ಅಂತ ಮಾಲಕ್ರು ಅಂದ್ರು,” ಎಂದಳು ಇಂದುಮತಿ. “ಅಣ್ಣಾನೂ ಅದನ್ನ ನಂಬಿ ಕುಂತ. ಅವತ್ತಿಂದ ಆ ಫೌಂಡ್ರಿ ಕಡೆ ಹೋಗಿಲ್ಲ, ಯಮನಪ್ಪನ ಮನೀಗೂ ಹೋಗಿಲ್ಲ. ಕುಕ್ಕರ್ ರಿಪೇರಿ ಅಂಗಡಿ ಇಟ್ಕೊಂಡು ಮುಖಾ ಕೆಳಗ ಹಾಕ್ಕೊಂಡು ಕುಂದರ್ತಾನ. ಎಷ್ಟೋ ಸಲ ತುಳುಕಿದಾಗ ಏನೂ ಆಗಲಿಲ್ಲ ಬಾಬಣ್ಣ. ಆ ದಿನಾನ ಯಾಕ ಆತು? ನನಗ ಅಷ್ಟ ಗೊತ್ತಾಗಬೇಕು.”

ಬಾಬಣ್ಣ ಅಂದಿನಿಂದ ಅವಳ ಬಟ್ಟಲುಗಳನ್ನು ತಾನೇ ಒರೆಸಿ ಜೋಡಿಸತೊಡಗಿದ.

ಹನಿಗಳು ಬಿದ್ದವು. ತಗಡಿನ ಮೇಲೆ ಮುದುಡಿ ಕೂತವು, ಆರಿದವು. ಇಂದುಮತಿ ಎತ್ತರ ಹೆಚ್ಚಿಸಿದಳು. ವೇಗವಾಗಿ ಬೀಳಿಸಿದಳು, ನಿಧಾನವಾಗಿ ಬೀಳಿಸಿದಳು. ನೀರು ಬಿಸಿ ಮಾಡಿದಳು, ಐಸ್ ಹಾಕಿದಳು. ಹನಿಯ ನೆರಳು ಪ್ರತಿ ಸಲವೂ ದುಂಡಗೆ ಬಂದು, ಸ್ವಲ್ಪ ನಡುಗಿ, ಚಪ್ಪಟೆಯಾಗಿ ನಿಂತುಬಿಡುತ್ತಿತ್ತು. ಕೆಲವೊಮ್ಮೆ ಅಂಚು ಹರಿದು ಪುಸಕ್ಕೆಂದು ಆವಿ ಏಳುತ್ತಿತ್ತು, ಅಷ್ಟೇ. ಬಾಗಿಲು ತೆರೆದಾಗ ಅವಳ ಮುಖ ನೋಡಿದರೆ ಹೊರಗೆ ಪರದೆಯ ಮೇಲೆ ಏನು ಕಂಡಿತೆಂದು ತಿಳಿಯುತ್ತಿತ್ತು. ಒಂದು ಮಧ್ಯಾಹ್ನ ಬಾಬಣ್ಣ ಊಟಕ್ಕೆ ಹೋದಾಗ ಅವಳೊಬ್ಬಳೇ ನನ್ನ ಎದುರು ಸ್ಟೂಲು ಎಳೆದುಕೊಂಡು ಕೂತಳು. ಬಹಳ ಹೊತ್ತು ಕೂತಿದ್ದಳು. ಅಳಲಿಲ್ಲ. ಕೈಯಲ್ಲಿದ್ದ ಬಟ್ಟಲನ್ನು ತಿರುಗಿಸುತ್ತಲೇ ಇದ್ದಳು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೊಂದೇ ಸಲ. ನನಗೆ ಅದು ಇಷ್ಟವಾಯಿತು ಎಂದರೆ ನೀವು ನಗಬಾರದು.

ಆ ಕೋಣೆಗಾಗಿ ಕಾಯುವವರು ಬಹಳ ಜನ. ಅವಳ ಸರದಿ ಮುಗಿಯುತ್ತಾ ಬಂದಿತ್ತು. ಏನೂ ಕಾಣದಿದ್ದರೆ ಮತ್ತೆ ಕೊಡುವುದಿಲ್ಲ ಎಂದು ಮೇಲಿನವರು ಹೇಳಿದ್ದರಂತೆ.

ಅಷ್ಟರಲ್ಲಿ ಬಸಲಿಂಗ ಬಂದ. ಬೆಂಗಳೂರಿನಲ್ಲಿ ಕಣ್ಣು ತೋರಿಸಿಕೊಂಡು ಊರಿಗೆ ಮರಳುವ ದಾರಿಯಲ್ಲಿ ತಂಗಿಯನ್ನು ನೋಡಲು ಇಳಿದಿದ್ದ. ದಪ್ಪ ಮೂಳೆಯ, ಬಾಗಿದ ಬೆನ್ನಿನ ಮನುಷ್ಯ. ಬಲಗೈಯ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಕುಲುಮೆ, ಬಟ್ಟಲು ನೋಡಿದವನೇ ಬಾಗಿಲಲ್ಲೇ ನಿಂತ.

“ನೀ ಎಲುಬಿನ ಎಕ್ಸ್-ರೇ ತಗೀತಿ ಅಂತ ತಿಳಿದಿದ್ದೆ,” ಅಂದ. “ಇದೇನ್ ಇಂದೂ?”

“ನಿನಗ ಗೊತ್ತೈತಿ ಅದೇನಂತ.”

“ಸುಮ್ಮ ಹಳೇದನ್ನ ಯಾಕ ಕೆದರ್ತಿ? ಸತ್ತಾವ ಎದ್ದ ಬರ್ತಾನೇನು?”

“ಬರೂದಿಲ್ಲ. ಆದ್ರ ನೀ ಬದಕಿದೀ ಅಲ್ಲ? ನಿನ್ನ ನೋಡಿದ್ರ ಹಂಗ ಅನಿಸೂದಿಲ್ಲ ನನಗ.”

ಬಸಲಿಂಗ ತಿರುಗಿ ಹೋಗಲು ಹೊರಟ. ಬಾಬಣ್ಣ ಅವನ ಹೆಗಲು ಮುಟ್ಟಿ, ಸ್ಟೂಲಿನ ಮೇಲೆ ಕೂರಿಸಿ, ನೀರಿನ ಬಾಟಲಿ ಕೊಟ್ಟ. ನೀರು ಕುಡಿದು ಮುಗಿಸಿದ ಮೇಲೆ ಅವನೇ, ನೆಲ ನೋಡುತ್ತಾ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಮಾತಾಡಿದ.

“ಯಮನಪ್ಪನ ಕಾಲಷ್ಟ ಕಣ್ಣಿಗೆ ಕಟ್ಟೇತಿ. ಮೇಲೆ ಬಟ್ಟೀ ಹೊಚ್ಚಿದ್ರು. ಕಾಲು ಹೊರಗ ಇದ್ದವು. ಬೆಳ್ಳಗ, ಮಣಕಾಲತನಾ ಸುಣ್ಣಾ. ಹಿಂದಿನ ದಿನ ಹಚ್ಚಿದ್ದು, ತೊಳಕೊಂಡೇ ಇರಲಿಲ್ಲ.”

ಇಂದುಮತಿ ಅಲುಗಾಡದೆ ನಿಂತಳು. “ಎಲ್ಲಿ ಹಚ್ಚಿದ್ದು ಸುಣ್ಣಾ?”

“ದೊಡ್ಡ ಕಂಪನಿಯವ್ರು ನೋಡಾಕ ಬರ್ತಾರ, ಎಲ್ಲಾ ಸ್ವಚ್ಛ ಕಾಣಬೇಕು ಅಂದ್ರು ಮಾಲಕ್ರು. ಗೋಡೀಗೆ ಹಚ್ಚಿದ್ವಿ. ಉಳದಿತ್ತು. ಕೆಡಸೂದ್ಯಾಕ ಅಂತ ಗುಂಡಿ ನೀರ ತೆಗದು ಒಳಗೂ ಹಚ್ಚಿದ್ವಿ. ನಾನೂ ಅವನೂ.”

ಅವಳು ಬಾಬಣ್ಣನ ಕಡೆ ನೋಡಿದಳು. ಬಾಬಣ್ಣ ಹತ್ತಿರದ ಊರಿಗೆ ಹೋಗಿ ಒಂದು ಡಬ್ಬಿ ಸುಣ್ಣ ತಂದ. ಬಟ್ಟಲಿನ ತಗಡಿಗೆ ಎರಡು ಸಲ ಬಳಿದು ಒಣಗಿಸಿದರು, ನೀರು ತುಂಬಿದರು. ಮೂವರೂ ಹೊರಗೆ ಹೋದರು. ಗಂಟೆ ಬಾರಿಸಿತು, ಬಾಗಿಲು ಮುಚ್ಚಿತು.

ಈಗ ನಾನು ಹೇಳುವುದನ್ನು ಆ ಹೊತ್ತಿನಲ್ಲಿ, ಅದು ನಡೆದ ಹಾಗೆಯೇ, ನನ್ನ ಹೊರತು ಯಾರೂ ಕಂಡಿಲ್ಲ. ಹನಿಯ ನೆರಳು ದುಂಡಗೆ ಇಳಿಯಿತು. ಸುಣ್ಣದ ಮೇಲೆ ಕೂತಿತು, ಎಂದಿನಂತೆ ಚಪ್ಪಟೆಯಾಯಿತು. ಸುಣ್ಣದ ಸಣ್ಣ ಸಣ್ಣ ತೂತುಗಳಲ್ಲಿ ನೀರು ಅವಿತಿತ್ತು. ಹನಿಯ ಹೊಟ್ಟೆಯ ಕೆಳಗೆ ಅದು ಒಮ್ಮೆಲೇ ಆವಿಯಾಯಿತು. ಮೊದಲು ಲೋಹ ನಡುವಿನಲ್ಲಿ ಉಬ್ಬಿತು. ಉಬ್ಬಿದ್ದು ಬಿರಿಯಿತು. ಬಿರುಕುಗಳಲ್ಲಿ ನೀರು ನುಗ್ಗಿತು, ನುಗ್ಗಿದ್ದೂ ಆವಿಯಾಯಿತು. ಒಂದು ನೆರಳು ನೂರಾಯಿತು, ನೂರು ಧೂಳಾಯಿತು. ನೀವು ‘ಅಯ್ಯೋ’ ಅನ್ನಲು ಬಾಯಿ ತೆರೆಯುವ ಮೊದಲೇ ಎಲ್ಲ ಮುಗಿದಿತ್ತು. ಬಟ್ಟಲು ಪುಡಿಯಾಗಿ ಒಂದು ಚೂರು ನನ್ನ ಮುಚ್ಚಳವನ್ನು ಹರಿದು ಬಂತು. ನನ್ನ ಒಂದು ಮೂಲೆಯಲ್ಲಿ ಕೂದಲೆಳೆಯ ಸೀಳು ಬಿತ್ತು.

ಬಾಗಿಲು ತೆರೆದಾಗ ಇಂದುಮತಿ ಮುಂದೆ, ಬಸಲಿಂಗ ಹಿಂದೆ. ಅವನು ಪುಡಿಯಾದ ಬಟ್ಟಲನ್ನು ನೋಡಿದ.

“ಮತ್ತ ಮಾಡು. ಈ ಸಲ ಸಾವಕಾಶ ಬೀಳಸು,” ಅಂದ.

ಸಾವಕಾಶ ಬೀಳಿಸಿದರು. ಸಿಡಿಯಿತು. ಸುಣ್ಣವಿಲ್ಲದ ತಗಡಿನ ಮೇಲೆ ಜೋರಾಗಿ ಬೀಳಿಸಿದರು. ಸಿಡಿಯಲಿಲ್ಲ. ಮತ್ತೆ ಸುಣ್ಣ, ಮತ್ತೆ ಸಾವಕಾಶ. ಸಿಡಿಯಿತು. ಪ್ರತಿ ಸಲವೂ ಅವನು ಒಳಗೆ ಬಂದು ಬಟ್ಟಲನ್ನು ತಾನೇ ನೋಡುತ್ತಿದ್ದ. ಸಂಜೆಯ ಹೊತ್ತಿಗೆ ಬಾಬಣ್ಣನ ಬಟ್ಟಲುಗಳು ಮುಗಿದವು.

“ನಿನ್ನ ಗಡಬಡಿ ಅಲ್ಲ ಅಣ್ಣಾ. ನೋಡಿದಿ ಅಲ್ಲ?” ಎಂದಳು ಇಂದುಮತಿ.

ಬಸಲಿಂಗ ಗೋಡೆಗೆ ಒರಗಿದ್ದ. ಅವನ ಮುಖದಲ್ಲಿ ನಾನು ನಿರೀಕ್ಷಿಸಿದ ಹಗುರು ಕಾಣಲಿಲ್ಲ.

“ಗಡಬಡಿ ಅಲ್ಲ, ಖರೆ,” ಅಂದ. “ಆದ್ರ ಸುಣ್ಣಾ ಹಚ್ಚಿದಾವ್ರೂ ನಾವ ಅಲ್ಲ? ಅವ ಸಾಕು ಬಾರೋ ಅಂದಿದ್ದ. ಇನ್ನ ಸ್ವಲ್ಪ ಐತಿ, ಹಚ್ಚಿಬಿಡೂಣು ಅಂದಾವ ನಾನು.”

“ಅದು ಹಿಂಗ ಮಾಡ್ತೈತಿ ಅಂತ ನಿನಗ ಗೊತ್ತಿತ್ತೇನು?”

“ಇಲ್ಲ.”

“ಮತ್ತ?”

ಅವನು ಸುಟ್ಟ ಕೈಯನ್ನು ಇನ್ನೊಂದು ಕೈಯಿಂದ ಸವರಿಕೊಳ್ಳುತ್ತಾ ಹೊರಗೆ ನಡೆದ. ಬಾಬಣ್ಣ ದೀಪ ಆರಿಸಿದ. ನನ್ನ ಹರಿದ ಮುಚ್ಚಳವನ್ನು ಆ ದಿನ ಯಾರೂ ಬದಲಿಸಲಿಲ್ಲ. ಅದರ ತೂತಿನಿಂದ ನಾನು ಖಾಲಿ ಕೋಣೆಯನ್ನು ನೋಡುತ್ತಾ ಉಳಿದೆ.

ಮುಂದಿನದು ನಾನು ಕಂಡದ್ದಲ್ಲ. ಇಂದುಮತಿ ಊರಿಗೆ ಹೋಗಿ ಬಂದು, ಹೊಸ ಮುಚ್ಚಳ ಕೂರಿಸುವಾಗ ಬಾಬಣ್ಣನಿಗೆ ಹೇಳಿದ್ದು.

ಬಸಲಿಂಗ ಯಮನಪ್ಪನ ಹೆಂಡತಿ ಗೌರವ್ವನ ಮನೆಗೆ ಹೋದನಂತೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ. ತಂಗಿಯನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದ. ಹೊಸ್ತಿಲಲ್ಲೇ ನಿಂತು, ಕೂರದೆ, ಸುಣ್ಣದ ಮಾತು, ಗುಂಡಿಯ ಮಾತು, ಹಚ್ಚಿಬಿಡೋಣ ಎಂದು ತಾನು ಅಂದದ್ದು, ಎಲ್ಲವನ್ನೂ ಹೇಳಿದ. ಗೌರವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

“ಇದನ್ನ ಹೇಳಾಕ ಇಷ್ಟ ವರ್ಷ ಬೇಕಾತೇನ್ ಅಣ್ಣಾ?” ಅಂದಳಂತೆ. “ನಾ ನಿನ್ನ ದಾರಿ ನೋಡಿದೆ. ಯಾರ ತಪ್ಪು ಅಂತ ಕೇಳಾಕಲ್ಲ. ಆ ದಿನ ಮುಂಜಾನೆ ಅಂವ ಏನ್ ಮಾತಾಡಿದಾ ಅಂತ ಕೇಳಾಕ. ಕಡೀ ಮಾತು ಕೇಳಿದಾವ ನೀನ ಒಬ್ಬಾವ. ನೀ ಬರಲೇ ಇಲ್ಲ.”

ಬಸಲಿಂಗ ಆಗ ಕೂತನಂತೆ. ಬಹಳ ಹೊತ್ತು ನೆನಪು ಮಾಡಿಕೊಂಡ. ಆಮೇಲೆ ಹೇಳಿದ: “ನೀ ಕಟ್ಟಿದ ಶೇಂಗಾ ಚಟ್ನಿ ಭಾಳ ಖಾರ ಆಗಿತ್ತ ವೈನಿ. ಮೂಗು ಒರಸ್ಕೋತ ನಕ್ಕ. ‘ಇವತ್ತ ಸಂಜೀಗೆ ಮನೀಗೆ ಹೋಗಿ ಆಕಿ ಕೂಡ ಜಗಳಾ ತಗೀಬೇಕು’ ಅಂದ. ನನ್ನ ರೊಟ್ಟೀಗೂ ಅದನ್ನ ಹಚ್ಚಿ ಕೊಟ್ಟ.”

ಗೌರವ್ವ ನಕ್ಕಳು. ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡಳು. “ಖಾರ ಆಗಿತ್ತು, ಖರೆ,” ಅಂದಳು. “ಅವತ್ತ ಖಾರಪುಡಿ ಎರಡ ಸಲ ಬಿದ್ದಿತ್ತು.”

ಹೇಳಿ ಮುಗಿಸಿದ ಇಂದುಮತಿ ಮುಚ್ಚಳದ ಸ್ಕ್ರೂ ಬಿಗಿಯುವುದನ್ನು ಮರೆತು ನಿಂತಿದ್ದಳು. ಬಾಬಣ್ಣ ಅವಳ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ತಾನೇ ಬಿಗಿದ.

ಆಮೇಲಿನ ಕಥೆ ಉದ್ದವಿಲ್ಲ. ಇಂದುಮತಿಗೆ ಮತ್ತೆ ಸರದಿ ಸಿಕ್ಕಿತು. ಬೇರೆ ಬೇರೆ ಬಣ್ಣ, ಬೇರೆ ಬೇರೆ ಲೇಪ ಹಚ್ಚಿ, ಯಾವುದರ ಮೇಲೆ ಹನಿ ಸುಮ್ಮನೆ ಕೂರುತ್ತದೆ ಎಂದು ನೋಡಿದಳು. ಆ ಚಿತ್ರಗಳನ್ನು ಹಿಡಿದು ಊರೂರಿನ ಫೌಂಡ್ರಿಗಳಿಗೆ ಹೋದಳು. ಕೆಲವರು ಗುಂಡಿಯ ಸುಣ್ಣ ಕೆರೆಸಿದರು. ಕೆಲವರು ಚಹಾ ಕುಡಿಸಿ ಕಳಿಸಿದರು. “ನಮ್ಮಲ್ಲೆ ಇಷ್ಟ ವರ್ಷ ಏನೂ ಆಗಿಲ್ಲರಿ” ಎನ್ನುವವರೇ ಹೆಚ್ಚು ಎಂದು ಅವಳು ಬೇಸರದಿಂದ ಹೇಳುತ್ತಿದ್ದಳು. ಆದರೂ ಮತ್ತೆ ಹೋಗುತ್ತಿದ್ದಳು.

ನನಗೆ ವಯಸ್ಸಾಯಿತು. ವರ್ಷಗಟ್ಟಲೆ ಕಿರಣ ಬಿದ್ದ ನಡುಭಾಗ ಚಹಾದ ಕಲೆಯಂತೆ ಕಂದಾಯಿತು. ಮೂಲೆಯ ಸೀಳು ಬೆಳೆಯಿತು. ಎಲ್ಲಕ್ಕಿಂತ ಕೆಟ್ಟದ್ದು, ಆರುವ ಚುರುಕು ಹೋಯಿತು. ಬಿದ್ದ ನೆರಳನ್ನು ಬಿಡಲಾರದವನಂತೆ ಹಿಡಿದುಕೊಳ್ಳತೊಡಗಿದೆ. ಹೊಸ ಹನಿಯ ಚಿತ್ರದಲ್ಲಿ ಹಿಂದಿನ ಹನಿ ಮಸುಕಾಗಿ ಕಾಣುತ್ತಿತ್ತಂತೆ. ಮುದುಕರಿಗೆ ಇದು ಸಹಜವಿರಬಹುದು. ಹರಳಿಗೆ ಅದು ಕೆಲಸ ಕಳೆದುಕೊಂಡ ಹಾಗೆ. ಹೊಸ ಹರಳು ಬಂತು. ಚಿಮಟ ನನ್ನನ್ನು ಹೊರಗೆಳೆದು ಅದನ್ನು ಕೂರಿಸಿತು. ನಾವಿಬ್ಬರೂ ಮೇಜಿನ ಮೇಲೆ ಒಂದು ಗಳಿಗೆ ಅಕ್ಕಪಕ್ಕ ಇದ್ದೆವು. ಅದಕ್ಕೆ ಹೇಳಬೇಕಾದದ್ದು ಬಹಳವಿತ್ತು.

ಬಾಬಣ್ಣ ನನ್ನನ್ನು ಹತ್ತಿಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟ. ಅವನೂ ನಿವೃತ್ತನಾದ. ಹೋಗುವ ದಿನ ನನ್ನನ್ನು ಇಂದುಮತಿಯ ಕೈಗೆ ಕೊಟ್ಟು, “ಕಸದಾಗ ಹಾಕಬ್ಯಾಡ್ರಿ ಮೇಡಮ್ಮಾರ” ಅಂದ. ಅವಳು ನನ್ನನ್ನು ಬೆಳಗಾವಿಗೆ ಒಯ್ದು, ಆ ನೆರಳುಗಳು ಬಿದ್ದದ್ದು ಇದರ ಮೇಲೆಯೇ ಎಂದು ಹೇಳಿ ಅಣ್ಣನಿಗೆ ಕೊಟ್ಟಳು.

ಬಸಲಿಂಗನ ಕುಕ್ಕರ್ ಅಂಗಡಿಯ ಕಿಟಕಿಯಲ್ಲಿ ಈಗ ನಾನಿದ್ದೇನೆ. ಇಲ್ಲಿ ಬಿಸಿಲಿದೆ, ರಸ್ತೆಯಿದೆ, ದಿನವಿಡೀ ಜನರಿದ್ದಾರೆ. ಗೌರವ್ವ ಸಂತೆಗೆ ಹೋಗುವಾಗ ಒಮ್ಮೊಮ್ಮೆ ಕಟ್ಟೆಯ ಮೇಲೆ ಕೂರುತ್ತಾಳೆ. ಇಬ್ಬರೂ ಸತ್ತವನ ಸಣ್ಣಪುಟ್ಟ ಮಾತುಗಳನ್ನು ಹೆಕ್ಕಿ ತೆಗೆಯುತ್ತಾರೆ. ಬಸಲಿಂಗ ಇನ್ನೂ ಕಡಿಮೆಯೇ ಮಾತಾಡುತ್ತಾನೆ. ಆದರೆ ತಲೆ ಎತ್ತಿ ಮಾತಾಡುತ್ತಾನೆ. ನನ್ನ ವಿಷಯ ಇಲ್ಲಿ ಅವನ ಹೊರತು ಯಾರಿಗೂ ಗೊತ್ತಿಲ್ಲ. ಗಿರಾಕಿಗಳು ನನ್ನನ್ನು ಒಡೆದ ಗಾಜು ಎಂದುಕೊಳ್ಳುತ್ತಾರೆ. ಬಿಸಿಲು ನನ್ನೊಳಗಿಂದ ಹಾದು ಹೋಗುತ್ತದೆ. ಅದಕ್ಕೆ ನನ್ನಿಂದ ಏನೂ ಆಗಬೇಕಾಗಿಲ್ಲ. ಸೀಸದ ಕೋಣೆಯಲ್ಲಿ ಯಾರೂ ಇರದಿದ್ದಾಗ ನಾನು ಒಂಟಿಯಾಗಿದ್ದೆ. ಇಲ್ಲಿ ಇಷ್ಟು ಜನರ ನಡುವೆ ಒಂಟಿಯಾಗಿದ್ದೇನೆ. ಎರಡೂ ಬೇರೆ ಬೇರೆ ಎಂದು ಈಗ ತಿಳಿದಿದೆ.

ಮೊನ್ನೆ ಆಯುಧ ಪೂಜೆ ಬಂತು. ಬಸಲಿಂಗ ಅಂಗಡಿ ಗುಡಿಸಿ, ಸುತ್ತಿಗೆ, ಇಕ್ಕಳ, ಸ್ಪ್ಯಾನರು, ಗ್ಯಾಸ್ ಬತ್ತಿ ಎಲ್ಲವನ್ನೂ ತೊಳೆದು ಮಣೆಯ ಮೇಲೆ ಸಾಲಾಗಿಟ್ಟ. ಒಂದೊಂದಕ್ಕೂ ಕುಂಕುಮ ಹಚ್ಚಿ ಚೆಂಡುಹೂವಿಟ್ಟ. ಆಮೇಲೆ ಏನು ನೆನಪಾಯಿತೋ, ಕಿಟಕಿಯ ಕಡೆ ಬಂದು ನನ್ನನ್ನೆತ್ತಿಕೊಂಡ. ಇಕ್ಕಳದ ಪಕ್ಕದಲ್ಲಿಟ್ಟ.

“ಅದ್ಯಾಕಣ್ಣಾ ಅಲ್ಲಿ? ಗಾಜಲ್ಲೇನು?” ಎಂದಳು ಕಟ್ಟೆಯ ಮೇಲಿದ್ದ ಗೌರವ್ವ.

“ಇರಲಿ ವೈನಿ,” ಅಂದ ಬಸಲಿಂಗ. “ಅದೂ ದುಡದೈತಿ.”

ನನ್ನ ಕಂದು ಕಲೆಯ ನಡುವೆ ಬೆರಳೂರಿ ಕುಂಕುಮ ಹಚ್ಚಿದ.

ಮರುದಿನ ಬೆಳಿಗ್ಗೆ ಅವನು ಮಣೆಯ ಮೇಲಿಂದ ಸುತ್ತಿಗೆ, ಇಕ್ಕಳ, ಸ್ಪ್ಯಾನರುಗಳನ್ನು ಒಂದೊಂದಾಗಿ ಎತ್ತಿ, ಕುಂಕುಮ ಒರೆಸಿ, ಕೆಲಸಕ್ಕೆ ಹಚ್ಚಿದ. ಕೊನೆಗೆ ಮಣೆಯ ಮೇಲೆ ನಾನೊಬ್ಬನೇ ಉಳಿದೆ. ನನ್ನನ್ನು ಹಾಗೇ ಕಿಟಕಿಯಲ್ಲಿಟ್ಟ. ಒರೆಸಲಿಲ್ಲ. ಕುಂಕುಮ ಇನ್ನೂ ಇದೆ.